ಬೋರ್ಡು ಬಿಚ್ಚುವವರ ರಕ್ತದಲ್ಲಿ ಸೀಸ ಎಷ್ಟು?

ಎಲ್ಲರಿಗೂ ನಮಸ್ಕಾರ.

ಇ-ತ್ಯಾಜ್ಯದ, ಅಂದರೆ ಬಿಸಾಕಿದ ಫೋನ್, ಟಿವಿ, ಕಂಪ್ಯೂಟರಿನಂಥ ಸಾಮಾನಿನ ಮಾತು ಬಂದರೆ ಮೊದಲು ಬರುವುದು ಟನ್ ಲೆಕ್ಕ. 2022ರಲ್ಲಿ ಜಗತ್ತಿನಲ್ಲಿ ಸೇರಿದ್ದು 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ. 22ರಷ್ಟು. ಇವತ್ತು ಆ ಲೆಕ್ಕ ಬಿಡೋಣ. ಆ ಸಾಮಾನು ಬಿಚ್ಚುವವರ ಮೈಯೊಳಗೆ ಏನು ಸೇರುತ್ತದೆ, ಅದನ್ನು ಅಳೆಯುವುದು ಹೇಗೆ, ಅಳೆದ ಮೇಲೆ ಏನು, ಇಷ್ಟು ಮಾತಾಡುತ್ತೇನೆ. ವಿಷಗಳ ಪಟ್ಟಿ ಉದ್ದವಿದೆ. ನಾನು ಜಾಸ್ತಿ ಹೇಳುವುದು ಸೀಸದ ಬಗ್ಗೆ.

ಗುಜರಿ ಶೆಡ್ಡಿನಲ್ಲಿ ಸರ್ಕ್ಯೂಟ್ ಬೋರ್ಡು ಬಿಚ್ಚುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಒಲೆಯ ಮೇಲೆ ಕಬ್ಬಿಣದ ತಗಡು ಇಡುತ್ತಾರೆ. ಬೆಸುಗೆ ಇರುವ ಬದಿ ಕೆಳಗೆ ಬರುವಂತೆ ಬೋರ್ಡನ್ನು ಅದರ ಮೇಲೆ ಹಾಕುತ್ತಾರೆ. ಬೆಸುಗೆ ಕರಗುತ್ತಿದ್ದ ಹಾಗೆ ಇಕ್ಕಳದಲ್ಲಿ ಚಿಪ್, ಕೆಪಾಸಿಟರ್ ಕಿತ್ತು ಬೇರೆ ಬೇರೆ ಡಬ್ಬಕ್ಕೆ ಹಾಕುತ್ತಾರೆ. ಕೊನೆಗೆ ಬೋರ್ಡನ್ನು ಅಂಚಿಗೆ ನಾಲ್ಕು ಸಲ ಬಡಿದರೆ ಉಳಿದ ಬೆಸುಗೆ ಉದುರುತ್ತದೆ. ಹಳೇ ಬೆಸುಗೆಯಲ್ಲಿ ಹತ್ತಿರ ಹತ್ತಿರ ಶೇ. 40 ಸೀಸ, ಉಳಿದದ್ದು ತವರ.

ಹೊಗೆ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಎಲ್ಲರೂ ಮಾಸ್ಕ್ ಹಂಚುತ್ತಾರೆ. ಆದರೆ ಆ ಬೆಸುಗೆ ಕರಗುವುದು ಸುಮಾರು 183 ಡಿಗ್ರಿಗೆ. ಅಷ್ಟು ಕಾವಿಗೆ ಸೀಸ ಆವಿಯಾಗುವುದು ತೀರಾ ಕಡಿಮೆ. ನೇರ ಉರಿಗೆ ಹಿಡಿದರೆ, ಬೋರ್ಡನ್ನೇ ಸುಟ್ಟರೆ ಕತೆ ಬೇರೆ. ನಾವು ಮರೆಯುವ ದಾರಿ ಅಂದರೆ ಕೈ. ಬಡಿದಾಗ ಎದ್ದ ದೂಳು ಬೆರಳಿಗೆ ಮೆತ್ತಿಕೊಳ್ಳುತ್ತದೆ. ಅದೇ ಕೈಯಲ್ಲಿ ಬೀಡಿ, ಅದೇ ಕೈಯಲ್ಲಿ ಬೋಂಡ. ಸಂಜೆ ಅದೇ ಶರ್ಟಿನಲ್ಲಿ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳುತ್ತಾರೆ. ನನ್ನನ್ನು ಕೇಳಿದರೆ, ಶೆಡ್ಡಿಗೆ ಮೊದಲು ಬೇಕಾದದ್ದು ನಲ್ಲಿ, ಸೋಪು, ಬಟ್ಟೆ ಬದಲಿಸಲು ಒಂದು ಮೂಲೆ. ಮಾಸ್ಕ್ ಆಮೇಲೆ.

ಗಾಳಿ ಅಳೆಯುವ ಉಪಕರಣ ಸರಳ. ಸೊಂಟಕ್ಕೆ ಒಂದು ಚಿಕ್ಕ ಪಂಪು, ಕಾಲರಿನ ಹತ್ತಿರ ಒಂದು ಫಿಲ್ಟರು. ನಿಮಿಷಕ್ಕೆ ಸುಮಾರು 2 ಲೀಟರ್ ಗಾಳಿ ಎಳೆಯುತ್ತದೆ. ಯಂತ್ರವನ್ನು ಶೆಡ್ಡಿನ ಮೂಲೆಯಲ್ಲಿಟ್ಟರೆ ಸಿಗುವುದು ಮೂಲೆಯ ಗಾಳಿ, ಕೆಲಸಗಾರನ ಉಸಿರಲ್ಲ. ಆದರೆ ಈ ಪಂಪಿಗೂ ಬೋಂಡ ಕಾಣುವುದಿಲ್ಲ. ಅದಕ್ಕೇ ರಕ್ತ ನೋಡಬೇಕು.

ಸೀಸಕ್ಕೆ ರಕ್ತ, ಕ್ಯಾಡ್ಮಿಯಂಗೆ ಮತ್ತು ಪಾದರಸದ ಆವಿಗೆ ಮುಖ್ಯವಾಗಿ ಮೂತ್ರ. ಕೆಲಸ ಬಿಟ್ಟರೆ ರಕ್ತದ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ, ಅಂದರೆ ಅದು ಹೆಚ್ಚಾಗಿ ಇತ್ತೀಚಿನ ವಾರಗಳ ಕತೆ ಹೇಳುತ್ತದೆ. ಮೂಳೆಗೆ ಸೇರಿದ್ದು ಹತ್ತಾರು ವರ್ಷ ಅಲ್ಲೇ ಕೂತಿರುತ್ತದೆ. ಕ್ಯಾಡ್ಮಿಯಂ ಕಿಡ್ನಿ ಹಿಡಿಯುತ್ತದೆ, ಬೀಡಿ ಹೊಗೆಯಿಂದಲೂ ಬರುತ್ತದೆ. ಹಾಗಾಗಿ ಬೀಡಿ ಸೇದುತ್ತೀರಾ ಎಂದು ಕೇಳದೆ ಆ ರಿಪೋರ್ಟ್ ಓದಬೇಡಿ.

ಕೂದಲಿನ ಪರೀಕ್ಷೆಯೂ ಇದೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೆಂಗಳೂರಿನ ಇ-ತ್ಯಾಜ್ಯ ಘಟಕಗಳ ಮಣ್ಣು, ಗಾಳಿಯ ದೂಳು, ಕೆಲಸಗಾರರ ಕೂದಲು ಮೂರನ್ನೂ ನೋಡಿದ್ದರು. ಗಂಡಸರ ಕೂದಲಿನಲ್ಲಿ ಸೀಸ, ಕ್ಯಾಡ್ಮಿಯಂ, ಆಂಟಿಮನಿ, ತಾಮ್ರ, ಬೆಳ್ಳಿ ಎಲ್ಲ ಜಾಸ್ತಿ ಇದ್ದವು. ನಮ್ಮೂರಿನ ಬಗ್ಗೆ ದೊಡ್ಡ ಎಚ್ಚರಿಕೆ ಅದು. ಆದರೂ ಕೂದಲಿಗೆ ಹೊರಗಿನ ದೂಳು ಅಂಟುತ್ತದೆ, ಪೂರ್ತಿ ತೊಳೆಯುವುದು ಕಷ್ಟ. ಜಾಗ ಕೆಟ್ಟಿದೆ ಎನ್ನಲು ಕೂದಲು ಸಾಕು, ಒಬ್ಬ ಮನುಷ್ಯನಿಗೆ ಚಿಕಿತ್ಸೆ ತೀರ್ಮಾನಿಸಲು ಸಾಲದು.

ಇದೇ ತೊಂದರೆ ಬೆರಳು ಚುಚ್ಚುವಾಗಲೂ ಇದೆ. ಬೆರಳಿನ ಮೇಲಿನ ದೂಳು ಹನಿಗೆ ಬೆರೆತರೆ ಅಂಕಿ ಸುಮ್ನೆ ಏರುತ್ತದೆ. ಮೊದಲು ಸೋಪು ಹಚ್ಚಿ ಕೈ ತೊಳೆಸಿ. ಅಂಕಿ ಜಾಸ್ತಿ ಬಂದರೆ ತೋಳಿನ ರಕ್ತನಾಳದಿಂದ ರಕ್ತ ತೆಗೆದು ಇನ್ನೊಮ್ಮೆ ನೋಡಿ. ಸ್ಯಾಂಪಲ್ ತೆಗೆಯುವುದನ್ನು ಶೆಡ್ಡಿನೊಳಗೆ ಮಾಡಲೇಬೇಡಿ.

ಅಂಕಿ ಎಷ್ಟಾದರೆ ಭಯ? ಸೀಸಕ್ಕೆ ಸುರಕ್ಷಿತ ಅನ್ನುವ ಮಟ್ಟ ಗೊತ್ತಿಲ್ಲ. 100 ಮಿಲಿ ರಕ್ತದಲ್ಲಿ 5 ಮೈಕ್ರೋಗ್ರಾಂ ಇದ್ದರೆ ಅದು ಎಲ್ಲಿಂದ ಬಂತೆಂದು ಹುಡುಕಿ ತಡೆಯಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಚೀನಾದ ಗುಯಿಯು ಪಟ್ಟಣ ಒಂದು ಕಾಲಕ್ಕೆ ಇ-ತ್ಯಾಜ್ಯದ ದೊಡ್ಡ ಸಂತೆ. 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಲ್ಲಿನ ಮಕ್ಕಳ ಸರಾಸರಿ 15.3 ಇತ್ತು, ಪಕ್ಕದ ಪಟ್ಟಣದ ಮಕ್ಕಳದ್ದು 9.94. ಕೆಲಸ ಮಾಡಿದವರು ದೊಡ್ಡವರು, ಅಂಕಿ ಮಕ್ಕಳದ್ದು. ಹಾಗಾಗಿ ಶೆಡ್ಡಿನವರನ್ನು ಪರೀಕ್ಷಿಸುವಾಗ ಮನೆಯ ಮಕ್ಕಳನ್ನೂ ಕರೆಯಬೇಕು.

ಸಾಮಾನ್ಯ ಆರೋಗ್ಯ ಶಿಬಿರದಲ್ಲಿ ಬಿಪಿ, ಶುಗರ್ ನೋಡುತ್ತಾರೆ. ಸೀಸ ಅದರಲ್ಲಿ ಸಿಗುವುದಿಲ್ಲ. ಹೊಟ್ಟೆನೋವು, ಮಲಬದ್ಧತೆ, ಸುಸ್ತು ಎಂದು ಬಂದವರು ಗ್ಯಾಸ್ಟ್ರಿಕ್ ಮಾತ್ರೆ ತೆಗೆದುಕೊಂಡು ವಾಪಸ್ ಹೋಗುತ್ತಾರೆ. ಏನು ಕೆಲಸ ಮಾಡುತ್ತೀರಿ ಎಂದು ಯಾರೂ ಕೇಳಿರುವುದಿಲ್ಲ.

ಕಾನೂನು ಇಲ್ಲವೇ? ಇದೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ, ಬಿಚ್ಚುವ ಮತ್ತು ಮರುಬಳಕೆ ಮಾಡುವ ಕೆಲಸಗಾರರನ್ನು ಗುರುತಿಸಿ ನೋಂದಾಯಿಸುವುದು, ಪ್ರತಿ ವರ್ಷ ಅವರ ಸುರಕ್ಷತೆ, ಆರೋಗ್ಯದ ಮೇಲೆ ನಿಗಾ ಇಡುವುದು ರಾಜ್ಯದ ಕಾರ್ಮಿಕ ಇಲಾಖೆಯ ಕೆಲಸ. ಆದರೆ ಬಾಗಿಲಿಗೆ ಹೆಸರಿನ ಫಲಕವೇ ಇಲ್ಲದ ಬಾಡಿಗೆ ಶೆಡ್ಡಿನಲ್ಲಿ ದಿನಗೂಲಿಗೆ ಕೂತವರ ಹೆಸರು ಯಾವ ಪುಸ್ತಕದಲ್ಲಿರುತ್ತದೆ?

ಹೆಸರು ಬರೆಸಲು ಅವರಿಗೂ ಮನಸ್ಸಿಲ್ಲ, ಅದಕ್ಕೆ ಕಾರಣವಿದೆ. ಸೀಸ ಜಾಸ್ತಿ ಎಂದು ಗೊತ್ತಾದರೆ ಮಾಲೀಕ "ನಾಳೆಯಿಂದ ಬರಬೇಡ" ಅನ್ನುತ್ತಾನೆ, ಅಲ್ವಾ? ಇದಕ್ಕೆ ಅಮೆರಿಕ 1978ರಲ್ಲೇ ಒಂದು ದಾರಿ ಮಾಡಿತು. ರಕ್ತದ ಸೀಸ ಮಿತಿ ದಾಟಿದವರನ್ನು ಸೀಸದ ಕೆಲಸದಿಂದ ತೆಗೆಯಬೇಕು, ಆದರೆ 18 ತಿಂಗಳವರೆಗೆ ಸಂಬಳ, ಸೀನಿಯಾರಿಟಿ ಎರಡನ್ನೂ ಮುಟ್ಟುವಂತಿಲ್ಲ. ಅವರು ಹಾಕಿದ ಮಿತಿ 100 ಮಿಲಿ ರಕ್ತದಲ್ಲಿ ಸರಾಸರಿ 50 ಮೈಕ್ರೋಗ್ರಾಂ. ಇವತ್ತಿನ ತಿಳಿವಳಿಕೆಗೆ ಅದು ತೀರಾ ಜಾಸ್ತಿ, ಅದನ್ನು ನಕಲು ಮಾಡಬೇಡಿ. ಸಂಬಳದ ಭಾಗ ಮಾತ್ರ ತಗೊಳ್ಳಿ. ಕೂಲಿಗೆ ಭರವಸೆ ಇಲ್ಲದೆ ರಕ್ತ ತೆಗೆಯಲು ಹೋದರೆ ಎರಡನೇ ಸಲ ಯಾರೂ ತೋಳು ಕೊಡುವುದಿಲ್ಲ.

ಹಣ ಎಲ್ಲಿಂದ? ಫೋನ್, ಟಿವಿ ತಯಾರಿಸುವ ಕಂಪನಿಗಳು ಈಗ ನೋಂದಾಯಿತ ಮರುಬಳಕೆದಾರರಿಂದ, ಇಷ್ಟು ಇ-ತ್ಯಾಜ್ಯ ಮರುಬಳಕೆಯಾಯಿತು ಎಂಬ ಪ್ರಮಾಣಪತ್ರ ಕೊಳ್ಳಬೇಕು. ಆ ವ್ಯವಹಾರದಲ್ಲಿ ಮೊದಲು ಬೋರ್ಡು ಬಿಚ್ಚಿದ ಶೆಡ್ಡಿನವರಿಗೆ ಪಾಲಿಲ್ಲ. ಅದರಲ್ಲಿ ಒಂದು ಅಂಶ ತೆಗೆದು ರಕ್ತಪರೀಕ್ಷೆಗೂ, ಕೆಲಸ ಬಿಟ್ಟು ಕೂತ ದಿನಗಳ ಕೂಲಿಗೂ ಇಡಬೇಕು ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಇಲ್ಲಿ ಖಂಡಿತ ಇದ್ದಾರೆ. ಈಗ ಅವರು ಮಾತಾಡಲಿ.