ಮೂತಿ ಬಿಟ್ಟು ಬಂದ ಸ್ಯೂವಿಕ್

ನಮಸ್ಕಾರ ಕೇಳುಗರೇ. ಹಡಗು ಬಂಡೆಗೆ ಬಡೀತು ಅಂದ್ರೆ ಅಲ್ಲಿಗೆ ಅದರ ಕಥೆ ಮುಗೀತು ಅನ್ಕೋತೀವಿ, ಆದ್ರೆ ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳೀಲಿ 1907ರಲ್ಲಿ ಸಿಕ್ಕಾಕೊಂಡ ಸ್ಯೂವಿಕ್ ಅನ್ನೋ ಸ್ಟೀಮರ್‌ನ ಎರಡು ತುಂಡು ಮಾಡಿ ಉಳಿಸ್ಕೊಂಡ್ರು!

ವೈಟ್ ಸ್ಟಾರ್ ಲೈನ್ ಹಡಗು, ಮುಂದೆ ಟೈಟಾನಿಕ್ ಬಿಟ್ರಲ್ಲ, ಅದೇ ಕಂಪನಿ. ಆಸ್ಟ್ರೇಲಿಯಾದಿಂದ ಪ್ರಯಾಣಿಕರು, ಹೆಪ್ಪುಗಟ್ಟಿಸಿದ ಕುರಿಮಾಂಸ ಎಲ್ಲಾ ತುಂಬ್ಕೊಂಡು ವಾಪಸ್ ಬರ್ತಿತ್ತು. ಮಾರ್ಚ್ 17ರ ರಾತ್ರಿ, ಜೋರು ಗಾಳಿ, ದಟ್ಟ ಮಂಜು. ಲಿಝರ್ಡ್ ಲೈಟ್‌ಹೌಸ್ ಇನ್ನೂ ಸುಮಾರು 10 ಮೈಲಿ ಇದೆ ಅನ್ನೋದು ಕ್ಯಾಪ್ಟನ್ ಲೆಕ್ಕ. ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟು ನೀರಿನ ಆಳ ನೋಡಿದ್ರೆ ದಡ ಹತ್ರ ಬಂತು ಅಂತ ಗೊತ್ತಾಗ್ತಿತ್ತು, ನೋಡಲಿಲ್ಲ, ಫುಲ್ ಸ್ಪೀಡಲ್ಲಿ ಹೋಗಿ ಬಂಡೆ ಹತ್ತಿಸಿಬಿಟ್ರು.

ಈಗ ನೋಡಿ, ಸುತ್ತಮುತ್ತಲ ಹಳ್ಳಿಗಳಿಂದ ಲೈಫ್‌ಬೋಟ್ ಬಂದ್ವು, ಕ್ಯಾಡ್ಜ್‌ವಿತ್, ಕವರಾಕ್, ಪೋರ್ತ್‌ಲೆವೆನ್, ಲಿಝರ್ಡ್ ಹಿಂಗೆ. ಇಂಜಿನ್ ಇಲ್ಲ, ಆ ಅಲೆಯಲ್ಲಿ ಕೈಯಲ್ಲೇ ಹುಟ್ಟು ಹಾಕ್ಕೊಂಡು 16 ಗಂಟೆ ಹೋಗೋದು ಬರೋದು, ಅದೂ ಸಂಬಳದವ್ರಲ್ಲ, ಊರಿನ ಸ್ವಯಂಸೇವಕರು! 456 ಜನರನ್ನ ಇಳಿಸಿದ್ರು, ಅದರಲ್ಲಿ 70 ಹಸುಗೂಸುಗಳು. ಒಬ್ಬರೂ ಸಾಯಲಿಲ್ಲ. ಟೈಟಾನಿಕ್‌ಗಿಂತ ಈ ಕಥೇನೇ ಜಾಸ್ತಿ ಹೇಳ್ಬೇಕಿತ್ತು ಅನ್ಸುತ್ತೆ ನಂಗೆ.

ಇನ್ನು ಹಡಗು. ಮೂತಿ ಬಂಡೇಲಿ ಕಚ್ಕೊಂಡಿದೆ, ಆದ್ರೆ ಬಾಯ್ಲರು ಇಂಜಿನ್ನು ಎಲ್ಲಾ ಹಿಂದುಗಡೆ, ಅದಕ್ಕೇನೂ ಆಗಿಲ್ಲ, ಒಳಗಿನ ಅಡ್ಡಗೋಡೆಗಳು ನೀರು ತಡ್ಕೊಂಡಿವೆ. ಹಂಗಾಗಿ ಡೈನಮೈಟ್ ಇಟ್ಟು ಮೂತಿ ಭಾಗ ಕತ್ತರಿಸಿ ಅಲ್ಲೇ ಬಿಟ್ಟು, ಉಳಿದ ಸುಮಾರು 400 ಅಡಿ ಭಾಗ ತನ್ನದೇ ಉಗಿಯಲ್ಲಿ, ಟಗ್ ಅನ್ನೋ ಎಳೆಯೋ ದೋಣಿಗಳು ದಾರಿ ಹಿಡಿಸ್ತಾ, ಸೌತಾಂಪ್ಟನ್ ಸೇರ್ತು. ಅತ್ತ ಬೆಲ್‌ಫಾಸ್ಟಲ್ಲಿ ಹೊಸ ಮೂತಿ ಕಟ್ಟಿ ಸಮುದ್ರದ ಮೇಲೆ ಎಳ್ಕೊಂಡು ಬಂದು ಜೋಡಿಸಿದ್ರು, 1908ರಲ್ಲಿ ಮತ್ತೆ ಆಸ್ಟ್ರೇಲಿಯಾ ದಾರಿ ಹಿಡೀತು.

ಆಮೇಲೂ ಬಹಳ ವರ್ಷ ಓಡ್ತು. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನ ಹೊತ್ತು, 1928ರಲ್ಲಿ ನಾರ್ವೆಯವ್ರ ಕೈಗೆ ಹೋಗಿ, ಸ್ಕಿಟೆರೆನ್ ಅಂತ ಹೆಸರಾಗಿ ತಿಮಿಂಗಿಲದ ಎಣ್ಣೆ ತೆಗೆಯೋ ತೇಲುವ ಕಾರ್ಖಾನೆ ಆಯ್ತು. 1942ರ ಏಪ್ರಿಲ್ 1ರಂದು ಸ್ವೀಡನ್‌ನಿಂದ ಬ್ರಿಟನ್‌ಗೆ ತಪ್ಪಿಸ್ಕೊಂಡು ಹೋಗೋವಾಗ ಜರ್ಮನ್ನರು ಅಡ್ಡ ಹಾಕಿದ್ರು, ಅವ್ರ ಕೈಗೆ ಸಿಗೋದು ಬೇಡ ಅಂತ ನಾವಿಕರೇ ಮುಳುಗಿಸಿಬಿಟ್ರು.