ಬಿಪಿಎಲ್ ಕಾರ್ಡ್, ಘಾಟಿ ರಸ್ತೆ, ಎದೆನೋವು: ಉಚಿತ ಚಿಕಿತ್ಸೆ ನಮ್ಮೂರಿಗೆ ತಲುಪುವ ಬಗೆ

[ದೃಶ್ಯ: ಕರ್ನಾಟಕದ ನಕ್ಷೆ, ನಡುವೆ ಒಂದು ಅಡ್ಡಗೆರೆ]

ನಮಸ್ಕಾರ. ನಕ್ಷೆಯ ಮೇಲಿನ ಈ ಗೆರೆಯನ್ನು ನೋಡಿ. 2010ರಿಂದ 2012ರವರೆಗೆ ಗೆರೆಯ ಉತ್ತರಕ್ಕಿದ್ದ ಬಡ ಕುಟುಂಬಗಳಿಗೆ ಹೃದಯದ ಶಸ್ತ್ರಚಿಕಿತ್ಸೆ, ಕ್ಯಾನ್ಸರ್ ಚಿಕಿತ್ಸೆ ಉಚಿತವಾಗಿ ಸಿಗುತ್ತಿತ್ತು. ದಕ್ಷಿಣದವರು ಕಾಯಬೇಕಿತ್ತು. ನಮ್ಮ ಹಾಸನ, ಚಿಕ್ಕಮಗಳೂರು ಎರಡೂ ಕಾಯುವವರ ಕಡೆಯಲ್ಲಿದ್ದವು.

ಆ ಯೋಜನೆಯ ಹೆಸರು ವಾಜಪೇಯಿ ಆರೋಗ್ಯಶ್ರೀ. ಮೊದಲು ಕಲಬುರಗಿ ವಿಭಾಗ, ನಂತರ ಬೆಳಗಾವಿ, ಕೊನೆಗೆ ನಾವು. ಹೀಗೆ ಹಂತ ಹಂತವಾಗಿ ಬಂದದ್ದರಿಂದ ಸಂಶೋಧಕರಿಗೆ ಅಪರೂಪದ ಅವಕಾಶ ಸಿಕ್ಕಿತು. ಗೆರೆಯ ಎರಡೂ ಬದಿಯಲ್ಲಿ, ಒಂದನ್ನೊಂದು ಹೋಲುವ ಹಳ್ಳಿಗಳನ್ನು ಆರಿಸಿದರು: ಯೋಜನೆ ಬಂದ 300, ಬಾರದ 272. ಸುಮಾರು 60 ಸಾವಿರ ಮನೆಗಳ ಬಾಗಿಲು ತಟ್ಟಿದರು. ಫಲಿತಾಂಶ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು.

[ತೆರೆಯ ಮೇಲೆ: ಶೇ 0.32 / ಶೇ 0.90]

ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದ, ಅಂದರೆ ಬಹುಪಾಲು ಹೃದ್ರೋಗ ಮತ್ತು ಕ್ಯಾನ್ಸರ್‌ನಿಂದ, ಬಿಪಿಎಲ್ ಕುಟುಂಬಗಳಲ್ಲಿ ಆದ ಸಾವಿನ ಪ್ರಮಾಣ ಯೋಜನೆ ಇದ್ದ ಕಡೆ ಶೇ 0.32. ಇಲ್ಲದ ಕಡೆ ಶೇ 0.90. ಸುಮಾರು ಮೂರು ಪಟ್ಟು! ಇದು ಊರಿನ ನೀರು, ಗಾಳಿಯ ವ್ಯತ್ಯಾಸವಿರಬಹುದಲ್ಲವೇ ಎಂದು ನೀವು ಕೇಳಬಹುದು. ಸಂಶೋಧಕರೂ ಅದನ್ನೇ ಕೇಳಿಕೊಂಡರು. ಯೋಜನೆಗೆ ಅರ್ಹರಲ್ಲದ ಎಪಿಎಲ್ ಕುಟುಂಬಗಳನ್ನು ಹೋಲಿಸಿದಾಗ ಒಂದು ಕಡೆ ಶೇ 0.56, ಇನ್ನೊಂದು ಕಡೆ ಶೇ 0.55. ವ್ಯತ್ಯಾಸವೇ ಇಲ್ಲ. ಈ ಎರಡನೆಯ ಹೋಲಿಕೆಯೇ ನನ್ನನ್ನು ಒಪ್ಪಿಸಿದ್ದು.

ಹಣ ಹೇಗೆ ಹರಿಯಿತು? ರೋಗಿ ಬಿಲ್ ಕಟ್ಟುವಂತಿರಲಿಲ್ಲ. ಪ್ರತಿ ಚಿಕಿತ್ಸೆಗೂ ಮೊದಲೇ ಗೊತ್ತುಪಡಿಸಿದ ಪ್ಯಾಕೇಜ್ ದರವನ್ನು ಸರ್ಕಾರದ ಟ್ರಸ್ಟ್ ಆಸ್ಪತ್ರೆಗೆ ಪಾವತಿಸುತ್ತಿತ್ತು. ಆದರೆ ಅಷ್ಟೇ ಆಗಿದ್ದರೆ ಸಾಲುತ್ತಿರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ನೋಂದಾಯಿತ ಆಸ್ಪತ್ರೆಗಳು ಗ್ರಾಮೀಣ ಪ್ರದೇಶಗಳಿಗೆ ಬಂದು ಆರೋಗ್ಯ ಶಿಬಿರ ನಡೆಸಬೇಕಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಕಾಗದಪತ್ರ ನೋಡಿಕೊಳ್ಳಲು ಆರೋಗ್ಯಮಿತ್ರರಿದ್ದರು. ಅದೇ ತಂಡದ ಮುಂದಿನ ಅಧ್ಯಯನದಲ್ಲಿ, ರೋಗಲಕ್ಷಣ ಕಂಡಾಗ ವೈದ್ಯರ ಬಳಿ ಹೋಗುವವರು ಯೋಜನೆ ಇದ್ದ ಕಡೆ ಹೆಚ್ಚಾಗಿದ್ದರು. 'ಖರ್ಚಿಗೆಲ್ಲಿಂದ ತರುವುದು' ಎಂದು ಎದೆನೋವನ್ನು ನುಂಗಿಕೊಂಡು ಕೂರುವವರು ಕಡಿಮೆಯಾದರು.

[ದೃಶ್ಯ: ಮಳೆಯಲ್ಲಿ ಕೊಟ್ಟಿಗೆಹಾರ, ಚಾರ್ಮಾಡಿ ತಿರುವುಗಳು]

ಈಗ ನಮ್ಮ ಜಿಲ್ಲೆಗಳಿಗೆ ಬನ್ನಿ. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ; ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಕಾರ್ಡ್ ಕೈಯಲ್ಲಿದೆ, ಸರಿ. ಮೂಡಿಗೆರೆಯ ತೋಟದ ಕಾರ್ಮಿಕರ ಲೈನ್‌ಮನೆಯಲ್ಲಿ ರಾತ್ರಿ ಎದೆನೋವು ಬಂದವರು ಮಂಗಳೂರಿಗೆ ಹೋಗಬೇಕೆಂದರೆ ಚಾರ್ಮಾಡಿ ಘಾಟಿ ಇಳಿಯಬೇಕು. ಸಕಲೇಶಪುರದವರಿಗೆ ಶಿರಾಡಿ. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಎರಡೂ ಬಂದ್. ಹೃದಯಾಘಾತವಾದಾಗ ರಕ್ತನಾಳ ಮುಚ್ಚಿದ ಪ್ರತಿ ನಿಮಿಷವೂ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಐದು ಲಕ್ಷದ ಭರವಸೆ ಆ ನಿಮಿಷಗಳನ್ನು ಮರಳಿ ತರಲಾರದು.

ಆದ್ದರಿಂದಲೇ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನನಗೆ ಇಷ್ಟು ಮುಖ್ಯವೆನಿಸುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಕೇಂದ್ರದ ತಜ್ಞರಿಗೆ ಕಳುಹಿಸಿ, ಅವರು ಹೇಳಿದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವುದು. ಘಾಟಿ ಇಳಿಯುವುದು ಆಮೇಲೆ.

2025ರ ಜುಲೈನಲ್ಲಿ, ಹಾಸನದಲ್ಲಿ ಹೃದಯಾಘಾತದಿಂದ ಮೇಲಿಂದ ಮೇಲೆ ಸಾವು ಎಂಬ ಸುದ್ದಿಗಳನ್ನು ಕೇಳಿ ಬೆದರಿದ ಜನರು ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಸಾಲುಗಟ್ಟಿ ನಿಂತರು. ಸಾವುಗಳಲ್ಲಿ ಅಸಹಜ ಏರಿಕೆ ಇಲ್ಲವೆಂದು ತಜ್ಞರ ಸಮಿತಿ ನಂತರ ವರದಿ ಕೊಟ್ಟಿತು. ನಾನು ಆ ಸಾಲನ್ನು ಬರಿಯ ಭಯವೆಂದು ತಳ್ಳಿಹಾಕುವುದಿಲ್ಲ. ಒಂದು ಇಸಿಜಿಗಾಗಿ ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋದವರಿಗೆ ಹತ್ತಿರದ ಆಸ್ಪತ್ರೆಯ ಮೇಲೆ ನಂಬಿಕೆ ಇರಲಿಲ್ಲ. ಆ ನಂಬಿಕೆಯನ್ನು ಕಟ್ಟುವುದೂ ಆರೋಗ್ಯ ಸೇವೆಯ ಕೆಲಸವೇ.

ಹಾಗಾಗಿ ಮುಂದಿನ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿಯೂ ಇಸಿಜಿ ತೆಗೆಯುವವರಿದ್ದಾರೆಯೇ? ಚುಚ್ಚುಮದ್ದಿನ ದಾಸ್ತಾನು ಇದೆಯೇ? ಎದೆನೋವೆಂದು ಬಂದವರಿಗೆ ಎಷ್ಟು ನಿಮಿಷದಲ್ಲಿ ಇಸಿಜಿ ಆಗುತ್ತಿದೆ, ಅದನ್ನು ಬರೆದಿಡುತ್ತಿದ್ದಾರೆಯೇ? ಸಿಕ್ಕ ಉತ್ತರವನ್ನು ತಾಲ್ಲೂಕಿನ ಹೆಸರಿನೊಂದಿಗೆ ಕೆಳಗೆ ಬರೆಯಿರಿ. ಎದೆನೋವು ಬಂದರೆ ಮಾತ್ರ ಯಾವ ಉತ್ತರಕ್ಕೂ ಕಾಯದೆ 108ಕ್ಕೆ ಕರೆ ಮಾಡಿ.