ಗೋಡೆಗೇರಿದ ಕೌದಿ

ಕೇಳುಗರಿಗೆ ನಮಸ್ಕಾರ. ಕೌದಿ ಎಂದೊಡನೆ ನಮ್ಮಲ್ಲಿ ಅನೇಕರಿಗೆ ಅಜ್ಜಿಯ ಹಳೆಯ ಸೀರೆ, ಅಜ್ಜನ ಸವೆದ ಧೋತರ, ಚಳಿಗಾಲದ ರಾತ್ರಿ ನೆನಪಾಗುತ್ತವೆ. ಹೊಲಿದವಳ ಹೆಸರನ್ನು ಮಾತ್ರ ಯಾರೂ ಬರೆದಿಡುವುದಿಲ್ಲ. ಇಂಥವೇ ಹೊದಿಕೆಗಳು ಅಮೆರಿಕದ ಕಲಾ ಸಂಗ್ರಹಾಲಯಗಳ ಗೋಡೆಗೇರಿ, ಹೊಲಿದವರ ಹೆಸರನ್ನು ಪಕ್ಕದಲ್ಲಿ ಬರೆಸಿಕೊಂಡ ಸಂಗತಿಯನ್ನು ಇಂದು ಹೇಳಬೇಕೆಂದಿದ್ದೇನೆ.

ಅಲಬಾಮಾ ರಾಜ್ಯದಲ್ಲಿ, ಅದೇ ಹೆಸರಿನ ನದಿ ಮೂರು ಕಡೆಯಿಂದ ಬಳಸಿ ಹರಿಯುವ ತಿರುವಿನಲ್ಲಿ ಜೀಸ್ ಬೆಂಡ್ ಎಂಬ ಹಳ್ಳಿಯಿದೆ. ಅಲ್ಲಿಯ ಕಪ್ಪು ಜನರು ಹತ್ತಿಯ ತೋಟದಲ್ಲಿ ದುಡಿದ ಗುಲಾಮರ ಸಂತತಿಯವರು. ಅವರು ಮತದಾನದ ಹಕ್ಕನ್ನು ಕೇಳತೊಡಗಿದ ಕಾಲದಲ್ಲಿ, 1962ರಲ್ಲಿ, ಹೊಳೆ ದಾಟಿಸುವ ದೋಣಿಯೇ ನಿಂತುಹೋಯಿತು. 2002ರಲ್ಲಿ ಅವರ ಕೌದಿಗಳ ಪ್ರದರ್ಶನ ಹ್ಯೂಸ್ಟನ್ನಿನಲ್ಲಿ ಆರಂಭವಾಗಿ, ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯಕ್ಕೆ ಹೋಯಿತು. ದೋಣಿ ಮರಳಿದ್ದು 2006ರಲ್ಲಿ. ಎಂದರೆ ಕೌದಿಗಳು ನ್ಯೂಯಾರ್ಕ್ ಮುಟ್ಟಿ ಸುಮಾರು ನಾಲ್ಕು ವರ್ಷ ಕಳೆದ ಮೇಲೆ ಹೊಲಿದವರಿಗೆ ತಮ್ಮ ಹೊಳೆಯನ್ನು ದಾಟುವ ಅನುಕೂಲ ದೊರೆಯಿತು.

ವಿಮರ್ಶಕರು ಈ ಕೌದಿಗಳಲ್ಲಿ ಮತೀಸ್, ಕ್ಲೇ ಮೊದಲಾದ ಯುರೋಪಿನ ಚಿತ್ರಕಾರರನ್ನು ಕಂಡರು. ಆ ಹೊಗಳಿಕೆ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. 1942ರಲ್ಲಿ ಮಿಸೌರಿ ಪೆಟ್‌ವೇ ಎಂಬಾಕೆ, ತೀರಿಹೋದ ಗಂಡ ಹೊಲದಲ್ಲಿ ತೊಡುತ್ತಿದ್ದ ಬಟ್ಟೆಗಳನ್ನು ಹರಿದು, ಅವನ ನೆನಪಿಗೆಂದು ಹೊದೆಯಲು ಒಂದು ಕೌದಿ ಹೊಲಿದಳು. ಮಾಸಿದ ನೀಲಿ, ಬೂದು ತುಂಡುಗಳ ಆ ಜೋಡಣೆಗೆ ಬೇರೆಯವರ ಹೋಲಿಕೆ ಏಕೆ ಬೇಕು?

ಗೋಡೆಯ ಚೀಟಿಗಳಲ್ಲಿ ಪೆಟ್‌ವೇ ಎಂಬ ಹೆಸರು ಮತ್ತೆ ಮತ್ತೆ ಬರುತ್ತದೆ. ಅದು ಆ ತೋಟದ ಒಡೆಯನ ಮನೆತನದ ಹೆಸರು. ಗುಲಾಮರಿಗೂ ಅದೇ ಅಂಟಿಕೊಂಡಿತು. ಹೆಸರು ಬಂದ ಮೇಲೆ ಹಣದ ಪ್ರಶ್ನೆಯೂ ಬಂತು: 2007ರಲ್ಲಿ ಕೆಲವು ಹೊಲಿಗೆಗಾರ್ತಿಯರು, ತಮಗೆ ಸಲ್ಲಬೇಕಾದದ್ದು ಸಂದಿಲ್ಲವೆಂದು ನ್ಯಾಯಾಲಯದ ಮೆಟ್ಟಿಲೇರಿದರು. ಮರುವರ್ಷ ಆ ವ್ಯಾಜ್ಯಗಳು ಮುಗಿದವು. ಪ್ರದರ್ಶನದ ಸೊಬಗನ್ನು ಹೇಳುವವರು ಇದನ್ನೂ ಹೇಳಬೇಕೆಂಬುದು ನನ್ನ ಅಭಿಪ್ರಾಯ.

ಈ ದಾರದ ಒಂದು ಎಳೆ ನಮ್ಮ ಕಡೆಗೂ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಮಹಿಳೆಯರು ಹೊಲಿದ ಕೌದಿಗಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಆಫ್ರಿಕದಿಂದ ಚದುರಿದ ಜನರ ಬದುಕಿಗೆ ಮೀಸಲಾದ ಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡಿವೆ. ಸಿದ್ದಿಗಳ ಪೂರ್ವಿಕರೂ ಆಫ್ರಿಕದಿಂದ ಬಂದವರು, ಅನೇಕರು ಗುಲಾಮರಾಗಿ. ಇಂದು ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಇದ್ದಾರೆ. ಕೆಲವು ಕೌದಿಗಳಲ್ಲಿ ಶಿಲುಬೆ, ಕೆಲವುಗಳಲ್ಲಿ ಅರ್ಧಚಂದ್ರ ಕಾಣುತ್ತದೆ. ಆದರೆ ಅಂಚಿನಿಂದ ನಡುವಿಗೆ ಸುತ್ತುತ್ತ ಬರುವ ಹೊಲಿಗೆ ಎಲ್ಲರದೂ ಒಂದೇ, ಮತ್ತು ಮೂಲೆಗಳಿಗೆ ಮಡಿಚಿ ಸೇರಿಸುವ ತ್ರಿಕೋನದ ತುಂಡುಗಳೂ ಒಂದೇ. ಅವರು ಅದಕ್ಕೆ ಫುಲ, ಅಂದರೆ ಹೂವು, ಎನ್ನುತ್ತಾರೆ. ಫುಲವಿಲ್ಲದ ಕೌದಿ ಬೆತ್ತಲೆಯಂತೆ. ನಮಸ್ಕಾರ.